ಮಳೆಗಾಲಕ್ಕೆ ಮುನ್ನ ಮೆತ್ತು ಹಗುರ ಮಾಡುವುದು ಹೇಗೆ?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಸುತ್ತಲಿನ ಮನೆಗಳಲ್ಲಿ ಒಂದೇ ತಪ್ಪು ನಡೆಯುವುದನ್ನೂ ನಾನು ನೋಡುತ್ತ ಬಂದಿದ್ದೇನೆ. ನೆಂಟರು ಬರುವ ಮುನ್ನಾದಿನ ಜಗುಲಿ, ನಡುಮನೆಗಳಲ್ಲಿದ್ದ ಸಾಮಾನುಗಳೆಲ್ಲ ಚೀಲ ಸೇರಿ ಮೆತ್ತು, ಅಂದರೆ ಹಂಚಿನ ಕೆಳಗಿನ ಅಟ್ಟ, ಹತ್ತುತ್ತವೆ. ನೆಂಟರು ಹೊರಟ ಮೇಲೆ ಅವುಗಳನ್ನು ಇಳಿಸುವವರಿರುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದು, ಎಪ್ಪತ್ತು ದಾಟಿದ ಇಬ್ಬರೇ ಉಳಿದಿರುವ ದೊಡ್ಡ ಮನೆಗಳಲ್ಲಿ ಈ ರಾಶಿಯೇ ನಿತ್ಯದ ಚಿಂತೆಯಾಗುತ್ತದೆ. ಹಂಚು ಸೋರಿದರೆ ಕೆಳಗೆ ಏನು ನೆನೆಯಿತೋ, ವರಲೆ (ಗೆದ್ದಲು) ಎಲ್ಲಿ ಹತ್ತಿತೋ, ಬ್ಯಾಂಕಿನವರು ಕೇಳಿದ ಕಾಗದ ಯಾವ ಚೀಲದಲ್ಲಿದೆಯೋ ಎಂಬ ಯೋಚನೆಯಲ್ಲಿ ಅವರು ರಾತ್ರಿಯ ನಿದ್ದೆ ಕಳೆದುಕೊಳ್ಳುತ್ತಾರೆ.

ಈ ಕೆಲಸಕ್ಕೆ ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ನಂತರದ ಏಪ್ರಿಲ್ ಮತ್ತು ಮೇ ತಿಂಗಳುಗಳೇ ಸರಿ. ಇಳಿಸಿದ ವಸ್ತುಗಳಿಗೆ ಗಾಳಿ ಬಿಸಿಲು ಬೇಕು. ಜೂನ್ ತಿಂಗಳಲ್ಲಿ ಇಳಿಸಿದ್ದು ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ.

ಮೊದಲ ದಿನ, ಯಾರೂ ತಕರಾರು ತೆಗೆಯದ ವಸ್ತುಗಳನ್ನು ಮಾತ್ರ ಇಳಿಸಬೇಕು: ಮುರಿದ ಕುರ್ಚಿ, ಅವಧಿ ಮೀರಿದ ಔಷಧ, ಗಂಟು ಕಟ್ಟಿಟ್ಟ ಪ್ಲಾಸ್ಟಿಕ್ ಕೊಟ್ಟೆಗಳು. ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಬ್ಯಾಟರಿ ಮಾರುವವರಿಗೇ ಹಿಂದಿರುಗಿಸಬೇಕು. ಪ್ಲಾಸ್ಟಿಕ್ಕನ್ನು ಬಚ್ಚಲ ಒಲೆಗೆ ಹಾಕುವ ಸುಲಭದ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಆ ವಿಷದ ಹೊಗೆ ಮನೆಯೊಳಗೇ ತಿರುಗುತ್ತದೆ, ಆ ಬೂದಿ ನಾಳೆ ನಿಮ್ಮದೇ ತೋಟ ಸೇರುತ್ತದೆ.

ಎರಡನೆಯದು ಪಾತ್ರೆ ಮತ್ತು ಬಟ್ಟೆ. ಮದುವೆ ಮುಂಜಿಯ ಊಟವೇ ಕಲ್ಯಾಣಮಂಟಪಕ್ಕೆ ಹೋಗಿರುವಾಗ ಐದು ಕೊಪ್ಪರಿಗೆಗಳು ಬೇಕಿಲ್ಲ, ಒಂದನ್ನು ಇಟ್ಟುಕೊಂಡರೆ ಸಾಕು. ಹತ್ತಿಯ ಹಳೆಯ ಸೀರೆಗಳು ಕೌದಿಗೆ ಒದಗುತ್ತವೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳನ್ನು ನೋಡಿದವರು ಹಳೆಯ ಸೀರೆಯನ್ನು ನೆಲ ಒರೆಸಲು ಹರಿಯಲಾರರು. ಉಳಿಸಿಕೊಳ್ಳುವ ಬಟ್ಟೆಯ ನಡುವೆ ಲಾವಂಚದ ಬೇರು ಇಡಿ.

ಮೂರನೆಯದು ಕಾಗದ. ಜನ ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ನಮ್ಮ ಬಂಧುಗಳ ಮನೆಯೊಂದರಲ್ಲಿ ವರಲೆ ತಿಂದಿದೆಯೆಂಬ ಕಾರಣಕ್ಕೆ ಅಜ್ಜನ ಕಾಲದ ಕಟ್ಟೊಂದನ್ನು ಬಿಚ್ಚದೆಯೇ ಗುಜರಿಗೆ ಕೊಟ್ಟರು. ಮರುವರ್ಷ ಪಾಲಿನ ಮಾತು ಬಂದಾಗ, ಹಿಂದಿನ ಪಾಲುಪತ್ರ ಅದೇ ಕಟ್ಟಿನಲ್ಲಿತ್ತೆಂಬುದು ನೆನಪಾಯಿತು. ಅಣ್ಣ ತಮ್ಮಂದಿರ ನಡುವೆ ಅಂದು ಬೆಳೆದ ಕಹಿ ಇನ್ನೂ ಪೂರ್ತಿ ಕರಗಿಲ್ಲ.

ಕಾಗದವನ್ನು ಮೆತ್ತಿನ ಮೇಲೆಯೇ ಕುಳಿತು ವಿಂಗಡಿಸಬಾರದು. ಮಬ್ಬುಬೆಳಕಿನಲ್ಲಿ, ಸೆಕೆಯಲ್ಲಿ ಎಲ್ಲವೂ ಕಸವಾಗಿಯೇ ಕಾಣುತ್ತದೆ. ದಿನಕ್ಕೆ ಒಂದೇ ಕಟ್ಟನ್ನು ಜಗುಲಿಗೆ ತಂದು, ಬೆಳಗಿನ ಎರಡು ತಾಸು ಮಾತ್ರ ಕೂರಬೇಕು. ದಾರ ಬಿಚ್ಚುವ ಮೊದಲು ಅದು ಯಾರ ಪೆಟ್ಟಿಗೆಯಲ್ಲಿತ್ತೆಂದು ಬರೆದಿಡಿ. ಓದುವವರು ಮನೆಯ ಹಿರಿಯರಾಗಿರಬೇಕು, ಬರೆದುಕೊಳ್ಳುವವರು ಕಿರಿಯರು. ಪತ್ರದಲ್ಲಿರುವ ಹೆಸರು ದೊಡ್ಡಜ್ಜನದೋ ಅವನ ದಾಯಾದಿಯದೋ ಎಂಬುದು ಹಿರಿಯರಿಗಷ್ಟೇ ಗೊತ್ತಿರುತ್ತದೆ.

ಯಾವುದನ್ನು ಉಳಿಸಬೇಕು? ಕ್ರಯಪತ್ರ, ಪಾಲುಪತ್ರ, ಮೃತ್ಯುಪತ್ರ, ಸರ್ವೆ ನಕಾಶೆ, ಜನನ ಮರಣದ ದಾಖಲೆಗಳು ಎಂದೂ ಹೋಗಬಾರದು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂಮಿಯ ಹಕ್ಕಿಗಾಗಿ ಸಲ್ಲಿಸಿದ ಅರ್ಜಿಯಾದ ನಮೂನೆ 7ರ ಪ್ರತಿ, ಭೂನ್ಯಾಯಮಂಡಳಿಯ ಆದೇಶ, ಹಕ್ಕುಪತ್ರವಾದ ನಮೂನೆ 10 ಸಿಕ್ಕರೆ ಪ್ರತ್ಯೇಕವಾಗಿ ಇಡಿ. ಅರಣ್ಯಭೂಮಿಯಲ್ಲಿ ಸಾಗುವಳಿ ಮಾಡಿಕೊಂಡಿರುವ ಮನೆಗಳು ಇನ್ನೂ ಎಚ್ಚರ ವಹಿಸಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗುತ್ತದೆ. ಹಳೆಯ ಪಡಿತರ ಚೀಟಿ, ಮನೆ ತೆರಿಗೆಯ ರಸೀದಿಗಳನ್ನೂ ಸಾಕ್ಷ್ಯವಾಗಿ ಪರಿಗಣಿಸಲು ಅದರ ನಿಯಮಗಳಲ್ಲಿ ಅವಕಾಶವಿದೆ. 1956ರ ನವೆಂಬರ್ 1ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ರಾಜ್ಯದಲ್ಲಿದ್ದುದರಿಂದ ಆ ಕಾಲದ ಕಾಗದದ ರೂಪವೇ ಬೇರೆ. ಓದಲು ಬಾರದೆಂಬ ಕಾರಣಕ್ಕೆ ಅದನ್ನು ಬಿಸಾಡುವಂತಿಲ್ಲ.

ಹೋಗಬೇಕಾದ ರಾಶಿಯೂ ದೊಡ್ಡದೇ ಇರುತ್ತದೆ. ಹಳೆಯ ಲಗ್ನಪತ್ರಿಕೆ, ಕೆಟ್ಟುಹೋದ ಟಿವಿಯ ಗ್ಯಾರಂಟಿ ಕಾರ್ಡ್, ಕಂಪ್ಯೂಟರಿನಲ್ಲಿ ತೆಗೆಸಿದ ಪಹಣಿಯ ಹತ್ತಾರು ಪ್ರತಿಗಳು ಬೇಡ. ಪಹಣಿಯ ಹೊಸ ಪ್ರತಿ ‘ಭೂಮಿ’ ಎಂಬ ಸರಕಾರದ ಭೂದಾಖಲೆಗಳ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಯಾವಾಗ ಬೇಕಾದರೂ ಸಿಗುತ್ತದೆ. ಕೈಬರಹದ ಹಳೆಯ ಪಹಣಿಯನ್ನು ಮಾತ್ರ ಬಿಡಬೇಡಿ. ಆಧಾರ್ ಸಂಖ್ಯೆಯೋ ಸಹಿಯೋ ಇರುವ ಕಾಗದವನ್ನು ಗುಜರಿಗೆ ಹಾಕುವ ಬದಲು ಹರಿದು, ನೀರಿನಲ್ಲಿ ನೆನೆಸಿ, ಗೊಬ್ಬರದ ಗುಂಡಿಗೆ ಸೇರಿಸಿ.

ಬೂಸ್ಟು ಹಿಡಿದ ಕಾಗದವನ್ನು ಕಟುಬಿಸಿಲಿಗೆ ಒಡ್ಡಿದರೆ ಮಸಿ ಮಾಸುತ್ತದೆ. ನೆರಳಿನಲ್ಲಿ ಗಾಳಿಗೆ ಹರವಿ, ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಮೆತ್ತಗಿನ ಕುಂಚದಿಂದ ಒರೆಸಬೇಕು. ಲ್ಯಾಮಿನೇಶನ್ ಮಾಡಿಸಲೇಬೇಡಿ; ಅದರ ಶಾಖಕ್ಕೆ ಹಳೆಯ ಕಾಗದ ಹಾಳಾಗಬಹುದು, ಒಮ್ಮೆ ಅಂಟಿದ್ದನ್ನು ಬಿಡಿಸುವ ಉಪಾಯವೂ ಇಲ್ಲ. ಅಂಟುಪಟ್ಟಿ ಹಳದಿಯಾಗಿ ಅಕ್ಷರದ ಮೇಲೆ ಕಲೆ ಉಳಿಸುತ್ತದೆ, ರಬ್ಬರ್ ಬ್ಯಾಂಡ್ ಸೆಕೆಗೆ ಕರಗಿ ಹಿಡಿದುಕೊಳ್ಳುತ್ತದೆ. ಕಚೇರಿಯ ಕಡತಗಳಿಗೆ ಸುತ್ತುತ್ತಿದ್ದಂಥ ಹತ್ತಿಯ ಬಟ್ಟೆ ಮತ್ತು ನೂಲಿನ ದಾರಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ಕಟ್ಟಿದ್ದನ್ನು ಎಲ್ಲಿಡಬೇಕು? ಅಗ್ಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇಡ. ಒಳಗೆ ಸಿಕ್ಕಿಕೊಂಡ ಪಸೆ ಹೊರಬರಲಾರದೆ ಅಲ್ಲಿಯೇ ಬೂಸ್ಟು ಬೆಳೆಯುತ್ತದೆ. ರಟ್ಟಿನ ಪೆಟ್ಟಿಗೆಯೆಂದರೆ ವರಲೆಗೆ ಆಹ್ವಾನ. ತೇವ ಹೀರುವ ಬಿಳಿ ಹರಳಿನ ಡಬ್ಬಿಗಳು ನಮ್ಮ ಮಳೆಗೆ ಬೇಗನೆ ನೀರಿನಿಂದ ತುಂಬುತ್ತವೆ. ಪೆಟ್ಟಿಗೆಯೊಳಗೆ ಉರುಳಿದರೆ ಕಾಪಾಡಿದ್ದೆಲ್ಲ ಹಾಳು. ತಗಡಿನ ಟ್ರಂಕನ್ನು ಗೋಡೆಗೆ ತಾಗದಂತೆ, ನೆಲದಿಂದ ನಾಲ್ಕು ಬೆರಳು ಎತ್ತರದ ಮಣೆಗಳ ಮೇಲೆ, ಮನೆಯವರು ದಿನವೂ ಓಡಾಡುವ ಕೋಣೆಯಲ್ಲಿ ಇಡಿ. ಕಾರವಾರ, ಅಂಕೋಲಾದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುವುದರಿಂದ ಪ್ರತಿ ಬೇಸಿಗೆಯಲ್ಲಿ ಬಣ್ಣ ಬಳಿಯಬೇಕು.

ಕೊನೆಗೆ, ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಟ್ರಂಕಿನ ಮುಚ್ಚಳದ ಒಳಬದಿಗೆ ಕಟ್ಟಿ, ಪ್ರತಿಯೊಂದು ಪತ್ರದ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದು ಕುಟುಂಬದ ಇಬ್ಬರ ಬಳಿ ಇರಿಸಿ. ಮಳೆ ಹಿಂದೆ ಸರಿದ ಮೇಲೆ, ದೀಪಾವಳಿಯ ಹೊತ್ತಿಗೆ, ಕಟ್ಟುಗಳನ್ನು ಜಗುಲಿಗೆ ತಂದು ಒಂದು ದಿನ ಗಾಳಿಗೆ ಬಿಚ್ಚಿಡಿ.