ಟಿಕೆಟ್ ತೆಗೆಯುವ ಮೊದಲು ಸೋಮವಾರದ ಸೀಟು ನೋಡಿ

ಶುಕ್ರವಾರ ಬಂತೆಂದರೆ ಮಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಕನ್ನಡ, ತುಳು, ಹಿಂದಿ, ಮಲಯಾಳ, ತಮಿಳು, ತೆಲುಗು, ಇಂಗ್ಲಿಷ್ ಚಿತ್ರಗಳು ಒಟ್ಟೊಟ್ಟಿಗೆ ಬಂದು ನಿಲ್ಲುತ್ತವೆ. ಆಯ್ಕೆ ಜಾಸ್ತಿ ಇರುವಲ್ಲಿ ಎಡವುವುದೂ ಜಾಸ್ತಿ. ಟ್ರೇಲರ್ ನೋಡಿ ಗುರುವಾರ ರಾತ್ರಿಯೇ ನಾಲ್ಕು ಟಿಕೆಟ್ ತೆಗೆಯುತ್ತಾರೆ. ಆ್ಯಪ್ ಶುಲ್ಕ, ಪಾರ್ಕಿಂಗ್, ಪಾಪ್‌ಕಾರ್ನ್ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಹೋಗುತ್ತದೆ. ಚಿತ್ರ ನೋಡಿದರೆ ಮನೆಯಲ್ಲೇ ನೋಡಬಹುದಾದದ್ದು. ಇತ್ತ ಥಿಯೇಟರಿನಲ್ಲೇ ನೋಡಬೇಕಿದ್ದ ಸಣ್ಣ ಚಿತ್ರವೊಂದು ಮುಂದಿನ ಗುರುವಾರಕ್ಕೆ ಎತ್ತಂಗಡಿಯಾಗಿರುತ್ತದೆ. ದೊಡ್ಡ ಚಿತ್ರಕ್ಕೆ ಕಾಯಬೇಕು, ಸಣ್ಣ ಚಿತ್ರಕ್ಕೆ ಓಡಬೇಕು. ಹೆಚ್ಚಿನವರು ಮಾಡುವುದು ಇದರ ತಿರುವುಮುರುವು.

ಹಂತ 1: ಬುಧವಾರ ಪಟ್ಟಿ ಮಾಡಿ

ವಾರದ ಶೋಗಳು ಬುಧವಾರ ಸಂಜೆಯ ಹೊತ್ತಿಗೆ ಬುಕಿಂಗ್ ಆ್ಯಪಿನಲ್ಲಿ ಬಹುತೇಕ ತೆರೆದಿರುತ್ತವೆ. ಹೊಸ ಚಿತ್ರಗಳ ಹೆಸರು ಬರೆದುಕೊಂಡು, ಪ್ರತಿಯೊಂದರ ಮುಂದೆ ಭಾಷೆ, ಅವಧಿ, ಸೆನ್ಸಾರ್ ಸರ್ಟಿಫಿಕೇಟ್ ಮತ್ತು ನಿಮ್ಮ ಊರಿನಲ್ಲಿ ಅದಕ್ಕೆ ಸಿಕ್ಕ ಶೋಗಳ ಸಂಖ್ಯೆ ಬರೆಯಿರಿ. ಐದು ನಿಮಿಷದ ಕೆಲಸ.

ಮಕ್ಕಳಿರುವ ಮನೆಯವರು ಸರ್ಟಿಫಿಕೇಟನ್ನು ಇಲ್ಲಿಯೇ ನೋಡಿಬಿಡಬೇಕು. ಮೊದಲಿದ್ದ ಒಂದೇ ಯುಎ ಈಗ ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ಈ ಮೂರೂ ಹೆತ್ತವರಿಗೆ ಕೊಡುವ ಸೂಚನೆ, ನಿರ್ಧಾರ ನಿಮ್ಮದು. ಎ ಸರ್ಟಿಫಿಕೇಟಿನ ಚಿತ್ರಕ್ಕೆ ಮಾತ್ರ 18 ತುಂಬದವರನ್ನು ಒಳಗೆ ಬಿಡುವಂತಿಲ್ಲ, ಹೆತ್ತವರು ಜೊತೆಗಿದ್ದರೂ, ಮಗು ತೋಳಲ್ಲಿ ಮಲಗಿದ್ದರೂ. ಬಾಗಿಲಲ್ಲಿ ನಿಂತು ವಾದ ಮಾಡಿ ಫಲವಿಲ್ಲ.

ಹಂತ 2: ಮನೆಯಲ್ಲಿ ನೋಡಿದರೆ ಏನು ಕಳೆದುಹೋಗುತ್ತದೆ?

ಪ್ರತಿ ಚಿತ್ರದ ಮುಂದೆ ಈ ಪ್ರಶ್ನೆ ಹಾಕಿ. ಚಿತ್ರ, ಶಬ್ದ, ಜನ ಎಂಬ ಮೂರರಲ್ಲಿ ಒಂದಾದರೂ ಕಳೆದುಹೋಗುವಂತಿದ್ದರೆ ಪಟ್ಟಿಯಲ್ಲಿ ಉಳಿಸಿ, ಇಲ್ಲವಾದರೆ ಅಡ್ಡಗೆರೆ ಎಳೆಯಿರಿ.

ನಮ್ಮ ದೊಡ್ಡ ಚಿತ್ರಗಳು ಬಹುತೇಕ ಸ್ಕೋಪ್‌ನಲ್ಲಿ, ಅಂದರೆ 2.39:1 ಅಳತೆಯಲ್ಲಿ ಬರುತ್ತವೆ. ಮನೆಯ ಟಿವಿ 16:9. ಅದರಲ್ಲಿ ಸ್ಕೋಪ್ ಚಿತ್ರ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು, ಪರದೆಯ ಎತ್ತರದ ಮುಕ್ಕಾಲು ಭಾಗ ಮಾತ್ರ ಬಳಕೆಯಾಗುತ್ತದೆ. ಕಾಡು, ಕಡಲು, ಜನಸಂದಣಿ, ರಾತ್ರಿಯ ದೃಶ್ಯಗಳೇ ತುಂಬಿದ ಚಿತ್ರವಾದರೆ ಅರ್ಧ ರುಚಿ ಅಲ್ಲಿಯೇ ಹೋಯಿತು. ಇನ್ನು ಡಾಲ್ಬಿ ಅಟ್ಮಾಸ್ ಎಂಬ ಹೆಸರು, ಅಂದರೆ ಸುತ್ತಲಿಂದಲೂ ತಲೆಯ ಮೇಲಿಂದಲೂ ಶಬ್ದ ಕೇಳಿಸುವ ವ್ಯವಸ್ಥೆ. ಅದು ಪೋಸ್ಟರಿನಲ್ಲಿದ್ದರೆ ಸಾಲದು, ನೀವು ಕೂರುವ ಸ್ಕ್ರೀನಿನಲ್ಲೂ ಇರಬೇಕು. ಒಂದೇ ಮಲ್ಟಿಪ್ಲೆಕ್ಸ್‌ನ ಎಲ್ಲ ಸ್ಕ್ರೀನ್‌ಗಳಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ಶೋ ಸಮಯದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

3ಡಿ ಬೇಡ. ಕನ್ನಡಕದ ಮೂಲಕ ಕಣ್ಣಿಗೆ ತಲುಪುವ ಬೆಳಕು 2ಡಿಯ ಅರ್ಧಕ್ಕಿಂತಲೂ ಕಡಿಮೆ. 2ಡಿಯಲ್ಲಿ ಚಿತ್ರೀಕರಿಸಿ ಆಮೇಲೆ 3ಡಿಗೆ ಬದಲಿಸಿದ ಚಿತ್ರವಾದರೆ ಹೆಚ್ಚು ಹಣ ಕೊಟ್ಟು ಮಬ್ಬು ಚಿತ್ರ ನೋಡಿದಂತೆ.

ಮೂರನೆಯದಾದ ಜನವನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಸ್ಯ ಚಿತ್ರಕ್ಕೆ ದೊಡ್ಡ ಪರದೆ ಯಾಕೆ ಎನ್ನುತ್ತಾರೆ. ತುಳು ಹಾಸ್ಯ ಬೆಳೆದದ್ದು ನಾಟಕದ ವೇದಿಕೆಯಲ್ಲಿ. ಎದುರಿಗಿರುವ ಸಭೆ ನಗಲೆಂದು ಮಾತಿನ ನಡುವೆ ಜಾಗ ಬಿಡುವುದು ಆ ನಟರಿಗೆ ಅಭ್ಯಾಸವಾಗಿಬಿಟ್ಟಿದೆ. ತುಂಬಿದ ಹಾಲ್‌ನಲ್ಲಿ ಆ ಜಾಗ ನಗುವಿನಿಂದ ತುಂಬುತ್ತದೆ, ಮನೆಯ ಸೋಫಾದಲ್ಲಿ ಅದು ಬರೀ ಖಾಲಿ ಜಾಗ.

ಹಂತ 3: ಒಟಿಟಿಗೆ ಬರುವುದೇ?

ಹಿಂದಿ ಚಿತ್ರಗಳು ಸಾಮಾನ್ಯವಾಗಿ ಎಂಟು ವಾರಕ್ಕೆ, ದಕ್ಷಿಣದ ದೊಡ್ಡ ಚಿತ್ರಗಳು ನಾಲ್ಕು ವಾರದ ಸುಮಾರಿಗೆ ಒಟಿಟಿಗೆ ಬರುತ್ತವೆ. ಹಂತ 2ರಲ್ಲಿ ಅರೆಮನಸ್ಸಿನಿಂದ ಉಳಿಸಿಕೊಂಡ ದೊಡ್ಡ ಚಿತ್ರವಿದ್ದರೆ ಬಿಟ್ಟುಬಿಡಿ, ಅದು ಎಲ್ಲಿಗೂ ಹೋಗುವುದಿಲ್ಲ. ಸಣ್ಣ ಕನ್ನಡ ಚಿತ್ರ, ತುಳು ಚಿತ್ರಗಳ ಕಥೆ ಬೇರೆ. ಇವುಗಳಿಗೆ ಒಟಿಟಿ ಸಿಗುವುದೇ ಕಷ್ಟ, ಸಿಕ್ಕರೂ ಎಷ್ಟೋ ತಿಂಗಳ ಮೇಲೆ. ಮೊದಲ ತುಳು ಚಿತ್ರ ಬಂದದ್ದು 1971ರಲ್ಲಿ. ಅಲ್ಲಿಂದೀಚೆಗೆ ಬಂದ ಹಲವು ಚಿತ್ರಗಳು ಇವತ್ತು ಎಷ್ಟು ಹುಡುಕಿದರೂ ನೋಡಲು ಸಿಗುವುದಿಲ್ಲ. ಟಾಕೀಸುಗಳಿದ್ದ ಕಾಲದಲ್ಲಿ ತುಳು ಚಿತ್ರವೊಂದು ವಾರಗಟ್ಟಲೆ ಒಂದೇ ಕಡೆ ನಿಂತು ಓಡುತ್ತಿತ್ತು. ಜ್ಯೋತಿ ಟಾಕೀಸು ಹೋಗಿ ಈಗ ಆ ಸರ್ಕಲ್‌ಗೆ ಹೆಸರಷ್ಟೇ ಉಳಿದಿದೆ. ಮಲ್ಟಿಪ್ಲೆಕ್ಸ್‌ನಲ್ಲಿ ಮೊದಲ ವಾರಾಂತ್ಯಕ್ಕೆ ಜನ ಬರದ ಸಣ್ಣ ಚಿತ್ರ, ಎರಡನೇ ವಾರಕ್ಕೆ ಬೆಳಿಗ್ಗೆ ಹತ್ತರ ಒಂದು ಶೋಗೆ ಇಳಿಯುತ್ತದೆ ಅಥವಾ ಹೊರಗೆ ಬೀಳುತ್ತದೆ.

ಹಾಗಾಗಿ ಪಟ್ಟಿಯಲ್ಲಿ ಮನಸ್ಸಿಗೆ ಹಿಡಿಸಿದ ಸಣ್ಣ ಚಿತ್ರವಿದ್ದರೆ ಮುಂದಿನ ಹಂತಗಳನ್ನೆಲ್ಲ ಬಿಟ್ಟು ಶನಿವಾರ ಇಲ್ಲವೇ ಭಾನುವಾರ ಹೋಗಿಬಿಡಿ. ಒಂದೇ ಎಚ್ಚರಿಕೆ: ತುಳು ಚಿತ್ರಗಳಿಗೆ ಬಿಡುಗಡೆಗೂ ಮೊದಲೇ ಇಲ್ಲಿ ಪ್ರೀಮಿಯರ್ ಶೋ ಇಡುತ್ತಾರೆ. ಅಲ್ಲಿ ಚಿತ್ರತಂಡದ ಗೆಳೆಯರು, ನೆಂಟರು, ಆಹ್ವಾನಿತರೇ ಜಾಸ್ತಿ. ಪ್ರೀಮಿಯರ್‌ನಿಂದ ಹೊರಬಂದವರ ಹೊಗಳಿಕೆಯನ್ನು ಪ್ರೀತಿ ಎಂದು ತಿಳಿಯಿರಿ, ವಿಮರ್ಶೆ ಎಂದಲ್ಲ.

ಹಂತ 4: ಟ್ರೇಲರ್

ಒಮ್ಮೆ ನೋಡಿ, ಕೊನೆಯ ಹೆಸರುಗಳ ಕಾರ್ಡ್ ಬಂದಾಗ ನಿಲ್ಲಿಸಿ ಓದಿ. ನಟರ ಹೆಸರಿಗಿಂತ ಬರವಣಿಗೆ, ಛಾಯಾಗ್ರಹಣ, ಸಂಕಲನ ಯಾರದೆಂದು ನೋಡಿ, ಅವರ ಹಿಂದಿನ ಕೆಲಸ ನೆನಪಿಸಿಕೊಳ್ಳಿ. ಎರಡೂವರೆ ನಿಮಿಷದಲ್ಲಿ ಇಬ್ಬರು ಎದುರುಬದುರು ನಿಂತು ಐದು ಸೆಕೆಂಡು ಮಾತಾಡುವ ಒಂದು ದೃಶ್ಯವೂ ಇಲ್ಲದಿದ್ದರೆ ಅನುಮಾನಪಡಿ.

ಹಂತ 5: ಶುಕ್ರವಾರದಿಂದ ಸೋಮವಾರದವರೆಗೆ

ಇದೇ ಕಷ್ಟದ ಹಂತ. ದೊಡ್ಡ ಚಿತ್ರದ ಬಗ್ಗೆ ಮೊದಲ ಮೂರು ದಿನ ಬರುವ ಸದ್ದಿನಲ್ಲಿ ನಿಜ ಯಾವುದು, ಕಟ್ಟಿದ್ದು ಯಾವುದು ಎಂದು ಬೇರ್ಪಡಿಸಬೇಕು.

ಮೊದಲು ಬಿಡಬೇಕಾದವು. ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದು ಮಾಡುವ ‘ಪಬ್ಲಿಕ್ ಟಾಕ್’ ವಿಡಿಯೊ ನೋಡಲೇಬೇಡಿ, ಮೊದಲ ಶೋಗೆ ಬರುವವರು ಅಭಿಮಾನಿಗಳು. ‘ಹೌಸ್‌ಫುಲ್’ ಪೋಸ್ಟರನ್ನೂ ಬಿಡಿ. ಬುಕಿಂಗ್ ಆ್ಯಪಿನ ರೇಟಿಂಗ್ ಶುಕ್ರವಾರ ಬೆಳಿಗ್ಗೆ 9.5 ಎಂದು ತೋರಿಸಿದರೆ ಅದಕ್ಕೆ ಅರ್ಥವಿಲ್ಲ. ಕೆಲವು ಚಿತ್ರಗಳಿಗೆ ಕೋರ್ಟ್ ಆದೇಶದ ಮೇಲೆ ರೇಟಿಂಗನ್ನೇ ಮುಚ್ಚಿರುತ್ತಾರೆ. ತೆರೆದಿದ್ದರೆ ಹತ್ತಕ್ಕೆ ಹತ್ತು ಕೊಟ್ಟವರನ್ನೂ ಒಂದು ಕೊಟ್ಟವರನ್ನೂ ದಾಟಿ, ನಾಲ್ಕರಿಂದ ಏಳು ಕೊಟ್ಟವರ ಮಾತು ಓದಿ. ‘ಸೂಪರ್ ಡೈರೆಕ್ಷನ್’, ‘ಬ್ಲಾಕ್‌ಬಸ್ಟರ್’ ಎಂಬ ಹ್ಯಾಶ್‌ಟ್ಯಾಗ್‌ಗಳು ಆ್ಯಪೇ ಒತ್ತಲು ಕೊಡುವ ಗುಂಡಿಗಳು. ಯಾವುದಾದರೂ ಒಂದು ದೃಶ್ಯದ ಬಗ್ಗೆ, ಒಂದು ಪಾತ್ರದ ಬಗ್ಗೆ ಬರೆದವರು ಚಿತ್ರ ನೋಡಿದವರು.

ಈಗ ನಂಬಬೇಕಾದದ್ದು: ಸೀಟ್ ಲೇಔಟ್. ಟಿಕೆಟ್ ತೆಗೆಯುವವರಂತೆ ಶೋ ಒತ್ತಿ, ಸೀಟುಗಳ ಚಿತ್ರ ಬರುವವರೆಗೆ ಹೋಗಿ. ಮಾರಾಟವಾದವು ಬೂದು ಬಣ್ಣದಲ್ಲಿರುತ್ತವೆ. ನೋಡುವ ಹೊತ್ತು ಮುಖ್ಯ. ನಮ್ಮಲ್ಲಿ ಜನ ಕೊನೇ ಗಳಿಗೆಯಲ್ಲಿ ಹೊರಡುವವರು, ಆದ್ದರಿಂದ ಶೋಗೆ ಅರ್ಧ ಗಂಟೆ ಇರುವಾಗ ನೋಡಿ. ಶುಕ್ರವಾರ ಸಂಜೆ ಏಳರ ಆಸುಪಾಸಿನ ಒಂದು ಶೋ ಆರಿಸಿಕೊಂಡು, ಎಷ್ಟು ಸೀಟು ಹೋಗಿದೆ ಎಂದು ಎಣಿಸಿ ಬರೆದಿಡಿ. ಸೋಮವಾರ ಅದೇ ಸ್ಕ್ರೀನಿನ, ಅದೇ ಹೊತ್ತಿನ ಶೋ ಎಣಿಸಿ. ಶನಿವಾರ, ಭಾನುವಾರ ಬೇಡ, ರಜಾದಿನದಲ್ಲಿ ಎಂತಹ ಚಿತ್ರಕ್ಕೂ ಜನ ಇರುತ್ತಾರೆ.

220 ಸೀಟಿನ ಹಾಲ್ ಎಂದಿಟ್ಟುಕೊಳ್ಳಿ. ಶುಕ್ರವಾರ 160 ಹೋಗಿತ್ತು, ಸೋಮವಾರ 80 ಅಥವಾ ಹೆಚ್ಚು ಹೋಗಿದ್ದರೆ ನೋಡಿದವರು ಮನೆಯಲ್ಲಿ, ಆಫೀಸಿನಲ್ಲಿ ಒಳ್ಳೆಯ ಮಾತು ಹೇಳಿದ್ದಾರೆ ಎಂದರ್ಥ. ಧೈರ್ಯವಾಗಿ ಬುಕ್ ಮಾಡಿ. 50ರ ಹತ್ತಿರವಿದ್ದರೆ ನಿಮಗೆ ಆ ನಿರ್ದೇಶಕರು ಇಷ್ಟವಿದ್ದರೆ ಮಾತ್ರ ಹೋಗಿ. 20ಕ್ಕೆ ಇಳಿದಿದ್ದರೆ ಬೇಡ. ಸೋಮವಾರವೇ ಹಬ್ಬದ ರಜೆ ಬಿದ್ದರೆ ಮಂಗಳವಾರ ಎಣಿಸಿ. ಮಂಗಳವಾರ ಟಿಕೆಟಿಗೆ ರಿಯಾಯಿತಿ ಇರುವ ಕಡೆಯಾದರೆ ಬುಧವಾರ.

ಎಣಿಕೆಯ ಜೊತೆ ಸೀಟು ತುಂಬಿದ ರೀತಿಯನ್ನೂ ನೋಡಬೇಕು. ಜನ ತಾವಾಗಿ ಬುಕ್ ಮಾಡಿದಾಗ ಹಿಂದಿನ ಸಾಲುಗಳ ಮಧ್ಯ ಮೊದಲು ತುಂಬುತ್ತದೆ, ಎರಡೆರಡು, ನಾಲ್ಕು ನಾಲ್ಕು ಸೀಟು ಹೋಗಿ ನಡುವೆ ಒಂಟಿ ಸೀಟು ಉಳಿಯುತ್ತದೆ. ಹಿಂದಿನ ಮೂರು ಸಾಲು ಗೋಡೆಯಿಂದ ಗೋಡೆಯವರೆಗೆ ಒಂದೂ ಬಿಡದೆ ಬೂದಾಗಿದ್ದು, ಉಳಿದದ್ದೆಲ್ಲ ಖಾಲಿ ಇದ್ದರೆ, ಅದೇ ನಕ್ಷೆ ಮುಂದಿನ ಶೋದಲ್ಲೂ ಕಂಡರೆ, ಅದು ಯಾರೋ ಒಟ್ಟಾಗಿ ತೆಗೆದದ್ದು ಅಥವಾ ತಡೆಹಿಡಿದದ್ದು. ಶೋ ಹತ್ತಿರ ಬಂದಾಗ ಆ ಸಾಲುಗಳು ಮತ್ತೆ ಖಾಲಿಯಾಗುವುದೂ ಉಂಟು. ಅಂತಹ ಸೀಟುಗಳನ್ನು ಎಣಿಕೆಯಿಂದ ಕಳೆಯಿರಿ.

ಸಿಂಗಲ್ ಸ್ಕ್ರೀನ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಆ್ಯಪಿಗೆ ಕೊಟ್ಟದ್ದು ಒಂದಷ್ಟು ಸೀಟು ಮಾತ್ರ, ಉಳಿದದ್ದು ಕೌಂಟರಿನಲ್ಲಿ. ಅಲ್ಲಿ ಕೇಳಿಯೇ ತಿಳಿಯಬೇಕು. ಟಿಕೆಟ್ ಹರಿದು ಒಳಗೆ ಬಿಡುವವರು, ಪಾರ್ಕಿಂಗ್ ನೋಡಿಕೊಳ್ಳುವವರು ಪ್ರತಿ ಶೋ ಮುಗಿದಾಗ ಜನರ ಮುಖ ನೋಡುವವರು. ‘ಅಣ್ಣಾ, ಪಿಕ್ಚರ್ ಎಂಚ ಉಂಡು?’ (ಹೇಗಿದೆ?) ಎಂದು ತುಳುವಿನಲ್ಲಿ ಕೇಳಿ. ‘ಎಡ್ಡೆ ಉಂಡು’ (ಚೆನ್ನಾಗಿದೆ) ಎಂದರೆ ಹೋಗಿ. ‘ಒಂಜಿ ಸರ್ತಿ ತೂವೊಲಿ’ (ಒಂದು ಸಲ ನೋಡಬಹುದು) ಎಂದು ಎಳೆದು ಹೇಳಿದರೆ ಹಣ ಉಳಿಸಿ.

ಗೆಳೆಯರನ್ನು ಕೇಳುವಾಗಲೂ ‘ಹೇಗಿದೆ?’ ಎಂದು ಕೇಳಬೇಡಿ, ಟಿಕೆಟಿಗೆ ದುಡ್ಡು ಕೊಟ್ಟವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ‘ಇಂಟರ್ವಲ್ ಆದಮೇಲೆ ಮೊಬೈಲ್ ತೆಗೆದಿರಾ?’ ಎಂದು ಕೇಳಿ. ಹೆಚ್ಚಿನ ಚಿತ್ರಗಳು ಸೋರುವುದು ದ್ವಿತೀಯಾರ್ಧದಲ್ಲೇ.

ಟೆಲಿಗ್ರಾಮ್‌ನಲ್ಲಿ ಕಳ್ಳ ಪ್ರತಿ ತರಿಸಿ ಹತ್ತು ನಿಮಿಷ ನೋಡಿ ತೀರ್ಮಾನಿಸುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಮಾಡಬೇಡಿ. ಕ್ಯಾಮೆರಾ ಇಟ್ಟು ಕದ್ದ ಪ್ರತಿಯಲ್ಲಿ ಬೆಳಕೂ ಶಬ್ದವೂ ಸತ್ತಿರುತ್ತವೆ, ಒಳ್ಳೆಯ ಚಿತ್ರವೂ ಕೆಟ್ಟದಾಗಿಯೇ ಕಾಣುತ್ತದೆ. ಥಿಯೇಟರಿನಲ್ಲಿ ಹಾಗೆ ಚಿತ್ರೀಕರಿಸುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಡಿ ಕನಿಷ್ಠ ಮೂರು ತಿಂಗಳ ಜೈಲು, ಮೂರು ಲಕ್ಷ ರೂಪಾಯಿ ದಂಡ.

ಹಂತ 6: ಹಾಲ್, ಶೋ, ಭಾಷೆ

ಹಾಲ್‌ನ ಉದ್ದದಲ್ಲಿ ಪರದೆಯಿಂದ ಮೂರನೇ ಎರಡು ಭಾಗ ಹಿಂದೆ, ಸಾಲಿನ ನಡುವೆ ಕೂರಿ. ಕೊನೆಯ ಸಾಲಿಗಿಂತ ಇದು ಒಳ್ಳೆಯದು, ಶಬ್ದ ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ. ಉಡುಪಿಯವರು ಮಣಿಪಾಲದ ಮಲ್ಟಿಪ್ಲೆಕ್ಸ್ ಬಿಟ್ಟು ಚಿತ್ರಕ್ಕಾಗಿಯೇ ಮಂಗಳೂರಿಗೆ ಬರುವುದಾದರೆ ಅಟ್ಮಾಸ್ ಸ್ಕ್ರೀನ್ ಇದ್ದರೆ ಮಾತ್ರ ಬನ್ನಿ. ಹೋಗಿಬರಲು ನೂರು ಕಿಲೋಮೀಟರಿಗೂ ಮಿಕ್ಕಿ ದಾರಿ. ಸ್ವಂತ ವಾಹನ ಇಲ್ಲದವರು ಅವಧಿಗೆ ಜಾಹೀರಾತು, ಇಂಟರ್ವಲ್ ಎಂದು ಅರ್ಧ ಗಂಟೆ ಸೇರಿಸಿ ಲೆಕ್ಕ ಹಾಕಿ. ಒಂಬತ್ತು ದಾಟಿದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸಿಟಿ ಬಸ್ಸು ವಿರಳ, ಮಳೆಗಾಲದಲ್ಲಿ ರಿಕ್ಷಾ ಸಿಗುವುದೂ ಕಷ್ಟ.

ಕೌಂಟರಿನಲ್ಲಿ ತೆಗೆದರೆ ಆ್ಯಪ್ ಶುಲ್ಕ ಉಳಿಯುತ್ತದೆ. ವಾರದ ನಡುವಿನ ಶೋಗೆ ಸೀಟು ಸಿಗದೆ ಹೋಗುವುದಿಲ್ಲ.

ಕೊನೆಗೆ ಭಾಷೆ. ಕರಾವಳಿಯವರಿಗೆ ನಾಲ್ಕು ಭಾಷೆ ಕಿವಿಗೆ ಬೀಳುತ್ತಲೇ ಇರುತ್ತದೆ, ಡಬ್ಬಿಂಗ್‌ನ ಹಂಗು ಬೇಡ. ಮಲಯಾಳ ಚಿತ್ರವನ್ನು ಮಲಯಾಳದಲ್ಲೇ, ತಮಿಳನ್ನು ತಮಿಳಿನಲ್ಲೇ ಇಂಗ್ಲಿಷ್ ಸಬ್‌ಟೈಟಲ್ ಜೊತೆ ನೋಡಿ. ಒಂದೇ ಚಿತ್ರ ಒಂದೇ ಮಾಲ್‌ನಲ್ಲಿ ಹಿಂದಿ, ಕನ್ನಡ, ತೆಲುಗು ಎಂದು ಮೂರು ಸಾಲಿನಲ್ಲಿ ಕಾಣುತ್ತದೆ, ಬೆರಳು ಸುಲಭವಾಗಿ ತಪ್ಪುತ್ತದೆ. ಹಣ ಪಾವತಿಯ ಪುಟದಲ್ಲಿ ಚಿತ್ರದ ಹೆಸರಿನ ಪಕ್ಕ ಭಾಷೆಯ ಹೆಸರು ಇನ್ನೊಮ್ಮೆ ಓದಿ, ಆಮೇಲೆ ಪಿನ್ ಒತ್ತಿ.