ಮನೆ ಮುಂದಿನ ಮರದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದರೆ

ಮಳೆ ಶುರುವಾಗುತ್ತಿದ್ದಂತೆ ಬೆಳ್ಳಕ್ಕಿ, ನೀರುಕಾಗೆಗಳು ರಸ್ತೆ ಬದಿಯ ದೊಡ್ಡ ಮರಗಳಲ್ಲಿ ಗುಂಪಾಗಿ ಗೂಡು ಕಟ್ಟುತ್ತವೆ. ರಾತ್ರಿಯೆಲ್ಲ ಗದ್ದಲ, ಕೆಳಗೆಲ್ಲ ಹಿಕ್ಕೆ, ಮೇಲಿಂದ ಬೀಳುವ ಮೀನಿನ ತುಂಡಿನ ವಾಸನೆ ಬೇರೆ. ಪಟಾಕಿ ಹೊಡೆದು ಓಡಿಸೋಣ ಅನ್ನಿಸುವುದು ಸಹಜ. ಆದರೆ ಗೂಡು, ಮೊಟ್ಟೆಗೆ ಕೈ ಹಾಕಿದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಮರಿಗಳು ಹಾರಿಹೋದ ಮೇಲೆ ಅನುಮತಿ ಪಡೆದು ಕೊಂಬೆ ಕತ್ತರಿಸಿ.

ಒಣಗಿದ ಹಿಕ್ಕೆಯನ್ನು ಸುಮ್ನೆ ಪೊರಕೆಯಲ್ಲಿ ಗುಡಿಸಬೇಡಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡು, ಮೊದಲು ನೀರು ಚಿಮುಕಿಸಿ ನೆನೆಸಿ, ಆಮೇಲೆ ಕೆರೆದು ತೆಗೆಯಿರಿ. ಕಾರಿನ ಮೇಲೆ ಬಿದ್ದರೆ ಒದ್ದೆ ಬಟ್ಟೆ ಹಾಸಿ ಸ್ವಲ್ಪ ಹೊತ್ತು ಬಿಡಿ. ಒಣಗಿದ್ದನ್ನು ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಬಿಸಿಲಲ್ಲಿ ಹಾಗೇ ಬಿಟ್ಟರೂ ಕಲೆ ಉಳಿಯುತ್ತದೆ. ಕವರ್ ಹಾಕುವುದೇ ಉತ್ತಮ, ಜಾಗ ಬದಲಾಯಿಸಿದರೆ ಇನ್ನೂ ಉತ್ತಮ. ಚಾವಣಿಯ ಮಳೆನೀರು ನೀರಿನ ಸಂಪ್‌ಗೆ ಹೋಗುತ್ತಿದ್ದರೆ, ಹಿಕ್ಕೆ ಅದಕ್ಕೆ ಸೇರದಂತೆ ಆ ಪೈಪನ್ನು ಈ ಕೆಲವು ತಿಂಗಳು ತಪ್ಪಿಸಿಬಿಡಿ. ಇದನ್ನು ತುಂಬಾ ಜನ ಮರೆಯುತ್ತಾರೆ.

ಮರಿ ಕೆಳಗೆ ಬಿದ್ದರೆ ಹಾಲು, ಅನ್ನ ಹಾಕಬೇಡಿ, ಅವು ಮೀನು ತಿನ್ನುವ ಹಕ್ಕಿಗಳು. ಟವೆಲ್ ಹೊದಿಸಿ ಎತ್ತಿ, ಮುಖದಿಂದ ದೂರ ಹಿಡಿಯಿರಿ. ಕೊಕ್ಕಿನಿಂದ ಕಣ್ಣಿಗೇ ಚುಚ್ಚುತ್ತವೆ! ಗಾಳಿಯಾಡುವ ರಟ್ಟಿನ ಡಬ್ಬದಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಹಿಕ್ಕೆ ಒಳ್ಳೆಯ ಗೊಬ್ಬರ, ಗೊತ್ತಲ್ವಾ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ರೈತರು ಅದನ್ನು ಹೊಲಕ್ಕೆ ಬಳಸುತ್ತಾ ಬಂದಿದ್ದಾರೆ. ಹಸಿಯಾಗಿ ಹಾಕಿದರೆ ಮಾತ್ರ ಗಿಡ ಸುಡುತ್ತದೆ. ಒಣ ಎಲೆ ಬೆರೆಸಿ, ಚೆನ್ನಾಗಿ ಕೊಳೆತ ಮೇಲೆ ಹಾಕಿ.