ಬಿಬಿಸಿ ಮೈಕ್ರೊಗೆ 220 ಎಸ್‌ಡಿ ಕಾರ್ಡ್ ಬೋರ್ಡು: ನನ್ನ ಅನುಭವ

ನಾನು ಮೊದಲು ಮುಟ್ಟಿದ ಕಂಪ್ಯೂಟರು ಬಿಬಿಸಿ ಮೈಕ್ರೊ. ಆಗ ಹೈಸ್ಕೂಲಿನಲ್ಲಿದ್ದೆ. 1984ರಲ್ಲಿ ಶಾಲೆಗಳಿಗೆಂದು ಕೇಂದ್ರ ಸರ್ಕಾರ ಶುರು ಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮಲ್ಲಿಗೂ ಬಂದಿತ್ತು. ಯಂತ್ರವನ್ನು ರೂಪಿಸಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಅದನ್ನು ‘ಎಸ್‌ಸಿಎಲ್ ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಇಲ್ಲೇ ತಯಾರಿಸಿದರು. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರು, 32 ಕೆಬಿ ಮೆಮೊರಿ. ಅಷ್ಟರಲ್ಲೇ ನಮಗೆ ಒಂದು ಲೋಕ ತೆರೆದಿತ್ತು.

ಎಷ್ಟೋ ವರ್ಷ ಕಳೆದ ಮೇಲೆ ಗುಜರಿಯಲ್ಲಿ ಒಂದು ಯೂನಿಕಾರ್ನ್ ಸಿಕ್ಕಿತು. ಪವರ್ ಸಪ್ಲೈನಲ್ಲಿದ್ದ ಹಳೆಯ ಫಿಲ್ಟರ್ ಕೆಪಾಸಿಟರ್‌ಗಳನ್ನು ಮೊದಲು ಬದಲಿಸಿದೆ. ಬಿರುಕು ಬಿಟ್ಟ ಕೆಪಾಸಿಟರ್ ಇಟ್ಟುಕೊಂಡೇ ಸ್ವಿಚ್ ಹಾಕಿದರೆ ಮನೆಯೆಲ್ಲ ಹೊಗೆ ತುಂಬುತ್ತದೆ. ಯಂತ್ರವೇನೋ ಚೆನ್ನಾಗಿಯೇ ಎದ್ದಿತು. ಆದರೆ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು, ಡ್ರೈವೂ ಓದುತ್ತಿರಲಿಲ್ಲ. ಹಾಗಾಗಿ ಫ್ಲಾಪಿಯ ಬದಲು ಮೆಮೊರಿ ಕಾರ್ಡಿನಿಂದ ಓದಿಸುವ ಎಸ್‌ಡಿ ಕಾರ್ಡ್ ಬೋರ್ಡಿನ ಕೆಲಸಕ್ಕೆ ಕೈ ಹಾಕಿದೆ.

ಇದು ನನ್ನ ಆವಿಷ್ಕಾರವಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಿಬಿಸಿ ಮೈಕ್ರೊದಲ್ಲಿ ಹೊರಗಿನ ಉಪಕರಣ ಜೋಡಿಸಲು ಇರುವ ಯೂಸರ್ ಪೋರ್ಟಿಗೆ ಮೆಮೊರಿ ಕಾರ್ಡ್ ಜೋಡಿಸುವ ಉಪಾಯ ಹಳೆಯದು. ಅದನ್ನು ಡಿಸ್ಕಿನಂತೆ ಓದಿಸುವ ಎಂಎಂಎಫ್‌ಎಸ್ ಎಂಬ ತಂತ್ರಾಂಶವೂ ಮುಕ್ತವಾಗಿ ಸಿಗುತ್ತದೆ. ನಾನು ಮಾಡಿದ್ದು ಇಷ್ಟೇ: ಯಂತ್ರದ ಅಡಿಯಲ್ಲಿರುವ ಪೋರ್ಟಿಗೆ ಸಲೀಸಾಗಿ ಹೊಂದುವ, ವೋಲ್ಟೇಜನ್ನು ಸರಿಯಾಗಿ ಇಳಿಸುವ ಒಂದು ಗಟ್ಟಿ ಬೋರ್ಡು. ಪೋರ್ಟು 5 ವೋಲ್ಟಿನದು, ಕಾರ್ಡು 3.3 ವೋಲ್ಟಿನದು. ನಡುವೆ ಸಿಗ್ನಲ್ಲನ್ನು ಇಳಿಸಿ ದಾಟಿಸುವ 74ಎಲ್‌ವಿಸಿ125 ಎಂಬ ಬಫರ್ ಚಿಪ್ಪು ಕೂರಿಸಿದೆ. ಈ ಚಿಪ್ಪಿನ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಕಿಕ್ಯಾಡ್ ಎಂಬ ಸರ್ಕ್ಯೂಟ್ ವಿನ್ಯಾಸದ ತಂತ್ರಾಂಶದಲ್ಲಿ ನಕ್ಷೆ ಬರೆದೆ. ಮೂರು ಸಲ ಮಾದರಿ ಮಾಡಿಸಿದೆ. ಒಂದೊಂದೇ ಮಾಡಿದರೆ ಖರ್ಚು ಜಾಸ್ತಿ, ಅಲ್ವಾ? ಅದಕ್ಕೇ ಹಲವರಿಂದ ಮುಂಗಡ ದುಡ್ಡು ಕೂಡಿಸುವ ಕ್ರೌಡ್‌ಫಂಡಿಂಗ್‌ಗೆ ಇಟ್ಟೆ. ನೂರು ಜನ ಸಿಕ್ಕರೆ ಸಾಕು ಅಂದುಕೊಂಡಿದ್ದೆ. ಒಂದು ತಿಂಗಳಲ್ಲಿ 187 ಬೋರ್ಡಿಗೆ ದುಡ್ಡು ಬಂತು. ಹೆಚ್ಚಿನವರು ಬ್ರಿಟನ್ನಿನವರು. ಕೆಟ್ಟುಹೋಗುವುದು, ಅಂಚೆಯಲ್ಲಿ ಕಳೆಯುವುದು ಎಲ್ಲ ಲೆಕ್ಕ ಹಾಕಿ 220 ಮಾಡಿಸಿದೆ.

ಮೊದಲ ದಿನವೇ ಎಲ್ಲ ಫೈಲುಗಳನ್ನೂ ಬಿಚ್ಚಿಟ್ಟೆ: ಸರ್ಕ್ಯೂಟ್ ನಕ್ಷೆ, ಬೋರ್ಡು ತಯಾರಿಸಲು ಕಾರ್ಖಾನೆಗೆ ಕೊಡುವ ಗರ್ಬರ್ ಫೈಲುಗಳು, ಬಿಡಿಭಾಗಗಳ ಪಟ್ಟಿ. ಲೈಸೆನ್ಸ್ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್‌ನವರ ಓಪನ್ ಹಾರ್ಡ್‌ವೇರ್ ಲೈಸೆನ್ಸಿನ ಎರಡನೇ ಆವೃತ್ತಿ. ಬೋರ್ಡು ತಲುಪಿಸಿದ ಮೇಲೆ ಕೊಡು, ಈಗಲೇ ಕೊಟ್ಟರೆ ಬೇರೆಯವರು ಮಾಡಿ ಮಾರುತ್ತಾರೆ ಅಂತ ಗೆಳೆಯರು ಹೇಳಿದರು. ನನಗದು ಸರಿ ಅನ್ನಿಸಲಿಲ್ಲ. ದುಡ್ಡು ಕೊಡುವವರಿಗೆ ತಾವು ಯಾವುದಕ್ಕೆ ಕೊಡುತ್ತಿದ್ದೇವೆ ಅಂತ ಕಾಣಬೇಕು.

ಖಾಲಿ ಬೋರ್ಡಿಗೆ ಬೀಳುವ ಖರ್ಚು ಬಹಳ ಕಡಿಮೆ. ದುಡ್ಡು ತಿನ್ನುವುದು ಕೇಬಲ್ಲು, ಕನೆಕ್ಟರು, ಡಬ್ಬಿ, ಅಂಚೆ. ಇಪ್ಪತ್ತು ಪಿನ್ನಿನ ರಿಬ್ಬನ್ ಕೇಬಲ್ಲನ್ನು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸುರುಳಿಗಟ್ಟಲೆ ಕೊಂಡು ಮನೆಯಲ್ಲೇ ಕತ್ತರಿಸಿ, ಕನೆಕ್ಟರುಗಳನ್ನು ಒತ್ತಿ ಕೂರಿಸಿದೆ. ಎಂಎಂಎಫ್‌ಎಸ್ ತುಂಬಲು 16 ಕೆಬಿಯ 27128 ಇಪ್ರಾಮ್‌ಗಳು (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್ಪುಗಳು) ಬೇಕಿದ್ದವು. ಬಳಸಿದವೇ ಸಿಕ್ಕವು. ಒಂದೊಂದು ಕಂತನ್ನೂ ನೇರಳಾತೀತ ದೀಪದಡಿ ಇಪ್ಪತ್ತು ನಿಮಿಷ ಇಟ್ಟು ಅಳಿಸಿ, ಮತ್ತೆ ಬರೆದೆ. ನಾಲ್ಕು ಭಾನುವಾರ ಅದಕ್ಕೇ ಹೋಯಿತು.

ಚಿಪ್ಪುಗಳನ್ನು ಕೂರಿಸುವ ಕೆಲಸವನ್ನು ಒಂದು ಅಸೆಂಬ್ಲಿ ಘಟಕಕ್ಕೆ ಕೊಟ್ಟಿದ್ದೆ. ಬೋರ್ಡುಗಳು ಬಂದವು. ಬೆಸುಗೆ ಅಚ್ಚುಕಟ್ಟಾಗಿತ್ತು. ಒಂದೊಂದನ್ನೂ ನನ್ನ ಯೂನಿಕಾರ್ನಿಗೆ ಸಿಕ್ಕಿಸಿ, ಒಂದು ಡಿಸ್ಕ್ ಇಮೇಜ್ (ಇಡೀ ಫ್ಲಾಪಿಯ ನಕಲು ಫೈಲು) ಲೋಡ್ ಮಾಡಿ, ಮತ್ತೆ ಬರೆದು ನೋಡಿದೆ. ಎಲ್ಲವೂ ಪಾಸಾದವು. ಮೊದಲ 22 ಕಳಿಸಿದೆ.

ಒಂಬತ್ತು ದಿನಕ್ಕೆ ನೆದರ್ಲೆಂಡ್ಸ್‌ನಿಂದ ಒಬ್ಬರು ಬರೆದರು. ಕಾರ್ಡು ಬಿಸಿಯಾಗುತ್ತಿದೆ, 3.3 ವೋಲ್ಟ್ ಇರಬೇಕಾದ ಕಡೆ 3.9 ಇದೆ ಅಂದರು. ಜೊತೆಗೆ ಫೋಟೊ. ಚಿಪ್ಪಿನ ಮೇಲೆ 74ಎಚ್‌ಸಿ125 ಅಂತ ಇತ್ತು. ‘ನಿಮ್ಮ ಪಟ್ಟಿಯಲ್ಲಿ ಎಲ್‌ವಿಸಿ ಇದೆ, ಬೋರ್ಡಿನಲ್ಲಿ ಎಚ್‌ಸಿ ಇದೆ’ ಎಂದು ಅದರ ಕೆಳಗೆ ಬರೆದಿದ್ದರು.

ಎದೆ ಧಸಕ್ಕೆಂದಿತು. ಎಲ್‌ವಿಸಿ ಸಿಗದೆ ಘಟಕದವರು ನನ್ನನ್ನು ಕೇಳದೆ ಎಚ್‌ಸಿ ಹಾಕಿದ್ದರು. ಗಾತ್ರ ಒಂದೇ, ಕಾಲುಗಳೂ ಒಂದೇ. ಆದರೆ 3.3 ವೋಲ್ಟಿನಲ್ಲಿ ಓಡುವಾಗಲೂ ಎಲ್‌ವಿಸಿ 5 ವೋಲ್ಟಿನ ಸಿಗ್ನಲ್ಲನ್ನು ತಡೆದುಕೊಳ್ಳುತ್ತದೆ. ಎಚ್‌ಸಿಯ ಒಳಗೆ ಪ್ರತಿ ಇನ್‌ಪುಟ್‌ನಿಂದ ಸಪ್ಲೈಗೆ ಒಂದು ರಕ್ಷಣಾ ಡಯೋಡ್ ಇರುತ್ತದೆ. ಸಿಗ್ನಲ್ ಸಪ್ಲೈಗಿಂತ ಮೇಲೇರಿದರೆ ಕರೆಂಟು ಆ ಡಯೋಡಿನ ಮೂಲಕ ಕಾರ್ಡಿಗೂ ಹೋಗುವ 3.3 ವೋಲ್ಟಿನ ಸಪ್ಲೈ ಗೆರೆಗೆ ನುಗ್ಗುತ್ತದೆ. ಆ 3.3 ವೋಲ್ಟ್ ಒದಗಿಸುವ ರೆಗ್ಯುಲೇಟರಿಗೆ ಕರೆಂಟು ಕೊಡುವುದು ಗೊತ್ತು, ಹೀರಿಕೊಳ್ಳುವುದು ಗೊತ್ತಿಲ್ಲ. ವೋಲ್ಟೇಜು ಮೇಲೇರುತ್ತದೆ. ಎಸ್‌ಡಿ ಕಾರ್ಡಿಗೆ 3.6 ವೋಲ್ಟೇ ಮಿತಿ.

ನನ್ನ ಪರೀಕ್ಷೆಯಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಎರಡು ದಿನ ತಲೆ ಕೆಡಿಸಿಕೊಂಡೆ. ನನ್ನ ಯೂನಿಕಾರ್ನಿನ ಪೋರ್ಟಿನಲ್ಲಿರುವುದು ಹಳೆಯ ಎನ್‌ಮಾಸ್ ಬಗೆಯ 6522 ಚಿಪ್ಪು. ಅದರ ಔಟ್‌ಪುಟ್ ಪೂರ್ತಿ 5 ವೋಲ್ಟಿಗೆ ಏರುವುದಿಲ್ಲ, ಹೆಚ್ಚು ಕರೆಂಟನ್ನೂ ತಳ್ಳುವುದಿಲ್ಲ. ನೆದರ್ಲೆಂಡ್ಸ್‌ನವರದು ಆ ಚಿಪ್ಪು ಕೆಟ್ಟುಹೋಗಿ, ಬದಲಿಗೆ ಹೊಸ ಸಿಮಾಸ್ ಬಗೆಯ 65ಸಿ22 ಹಾಕಿದ ಯಂತ್ರ. ಅದು ಗಟ್ಟಿಯಾಗಿ 5 ವೋಲ್ಟ್ ಕೊಡುತ್ತದೆ. ನಲವತ್ತು ವರ್ಷದ ಯಂತ್ರಗಳು ಒಂದೊಂದು ಮನೆಯಲ್ಲಿ ಒಂದೊಂದು ಥರ ರಿಪೇರಿಯಾಗಿರುತ್ತವೆ. ಒಂದೇ ಯಂತ್ರದಲ್ಲಿ ಪರೀಕ್ಷೆ ಮಾಡಿದ್ದು ನನ್ನ ತಪ್ಪು. ಮೀಟರ್ ಹಿಡಿದು 3.3 ವೋಲ್ಟಿನ ಗೆರೆ ಅಳೆಯದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಆ ರಾತ್ರಿಯೇ ದುಡ್ಡು ಕೊಟ್ಟ ಎಲ್ಲರಿಗೂ ಬರೆದೆ. ಬೋರ್ಡು ತಲುಪಿದವರಿಗೆ, ದಯವಿಟ್ಟು ಬಳಸಬೇಡಿ ಅಂದೆ. ಯಾರೂ ದುಡ್ಡು ವಾಪಸ್ ಕೇಳಲಿಲ್ಲ. ಆ 22 ಮಂದಿಯಲ್ಲಿ 14 ಜನ, ಚಿಪ್ಪು ಕಳಿಸು ಸಾಕು, ನಾವೇ ಬದಲಿಸಿಕೊಳ್ಳುತ್ತೇವೆ ಅಂದರು. ನಕ್ಷೆ ಅವರ ಹತ್ತಿರ ಇತ್ತಲ್ಲ! ಮನೆಯಲ್ಲಿ ಉಳಿದಿದ್ದ 198 ಬೋರ್ಡುಗಳ ಚಿಪ್ಪನ್ನು ಬಿಸಿಗಾಳಿಯ ಗನ್ನಿನಿಂದ ನಾನೇ ಕಿತ್ತು ಹೊಸದು ಹಾಕಿದೆ. ಒಂದಕ್ಕೆ ಸುಮಾರು ಆರು ನಿಮಿಷ. ಐದು ಬೋರ್ಡುಗಳಲ್ಲಿ ತಾಮ್ರದ ಪ್ಯಾಡ್ ಎದ್ದುಬಂತು, ಅವು ಹೋದವು. ಹೆಚ್ಚಿಗೆ ಮಾಡಿಸಿದ್ದು ಆಗ ಕೈ ಹಿಡಿಯಿತು. ಘಟಕದವರು ಚಿಪ್ಪಿನ ಬೆಲೆ ಕೊಟ್ಟರು, ನನ್ನ ಸಮಯಕ್ಕೆ ಏನೂ ಕೊಡಲಿಲ್ಲ.

ಈಗ ಪಟ್ಟಿಯಲ್ಲಿ ಆ ಸಾಲಿನ ಪಕ್ಕದಲ್ಲೇ ಬರೆದಿದ್ದೇನೆ: ‘ಬದಲಿ ಬೇಡ. 3.3 ವೋಲ್ಟ್ ಸಪ್ಲೈನಲ್ಲಿ 5 ವೋಲ್ಟ್ ಇನ್‌ಪುಟ್ ತಡೆಯಲೇಬೇಕು.’ ಬರೀ ಚಿಪ್ಪಿನ ನಂಬರ್ ಬರೆದರೆ ಸಾಲದು, ಅದೇ ಯಾಕೆ ಬೇಕು ಅಂತಲೂ ಬರೆಯಬೇಕು. ಪರೀಕ್ಷೆಗೆ ಸ್ಪ್ರಿಂಗ್ ಪಿನ್ನುಗಳ ಒಂದು ಜಿಗ್ (ಬೋರ್ಡು ಕೂರಿಸುವ ಚೌಕಟ್ಟು) ಮಾಡಿಕೊಂಡೆ. ಅದು ಮೊದಲು ಕಾರ್ಡಿಲ್ಲದೆ ಗಟ್ಟಿ 5 ವೋಲ್ಟಿನ ಸಿಗ್ನಲ್ ಕೊಟ್ಟು 3.3ರ ಗೆರೆ ಅಳೆಯುತ್ತದೆ. ಆಮೇಲಷ್ಟೇ ಯಂತ್ರಕ್ಕೆ.

ಬ್ರಿಟನ್ನಿಗೆ ಕಳಿಸುವುದು ಇನ್ನೊಂದು ಕೆಲಸ. 2021ರಿಂದ ಅಲ್ಲಿ 135 ಪೌಂಡಿನೊಳಗಿನ ಸಾಮಾನಿಗೆ ಮಾರುವವರೇ ವ್ಯಾಟ್ ಕಟ್ಟಬೇಕು. ಒಂದೊಂದೇ ಕಳಿಸುವ ಬದಲು ಒಂದೇ ದೊಡ್ಡ ಪೆಟ್ಟಿಗೆ ಮಾಡಿ ಅಲ್ಲಿನ ಗೆಳೆಯರಿಗೆ ಕಳಿಸಿದೆ. ಆಮದು ತೆರಿಗೆ ಒಂದೇ ಸಲ ಕಟ್ಟಿ, ಅವರು ಅಲ್ಲಿಂದ ಹಂಚಿದರು. ಹೇಳಿದ್ದಕ್ಕಿಂತ ಮೂರು ತಿಂಗಳು ತಡವಾಗಿ ಎಲ್ಲ 187 ತಲುಪಿದವು.

ನೆದರ್ಲೆಂಡ್ಸ್‌ನ ಆ ಗೆಳೆಯರು ನನ್ನದೇ ಫೈಲು ತೆಗೆದುಕೊಂಡು ಕನೆಕ್ಟರನ್ನು ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಸರಿಸಿದ್ದಾರೆ. ಕಾರ್ಡು ತೆಗೆಯಲು ಈಗ ಯಂತ್ರ ಎತ್ತಬೇಕಿಲ್ಲ. ಎರಡನೇ ಕಂತಿನಲ್ಲಿ ಅವರ ನಕ್ಷೆಯನ್ನೇ ಮಾಡಿಸುತ್ತಿದ್ದೇನೆ.